ಹೊನ್ನೆಮರದ ಎದುರು

ನಮ್ಮ ಊರಿನಲ್ಲಿ ಪ್ರಾಯ ಎಷ್ಟೆಂದು ಕೇಳಿದರೆ ಯಾರೂ ಅಂಕಿ ಹೇಳುತ್ತಿರಲಿಲ್ಲ. ಹುಟ್ಟಿದ ವರ್ಷ ಮನೆಯ ಬಾಗಿಲೆದುರು, ಹೊಳೆಯ ಆಚೆ ದಡದಲ್ಲಿ ಏನಿತ್ತೋ ಅದನ್ನು ಹೇಳುತ್ತಿದ್ದರು. ಅಜ್ಜಿ ಉಪ್ಪಿನಗದ್ದೆಯವಳು. ಅಪ್ಪ ಉಪ್ಪಿನಗದ್ದೆ ಮುಗಿದು ಹಂಚಿನ ಕಾರ್ಖಾನೆ ಸುರುವಾಗುವ ಸಂದಿನವರು. ಅಕ್ಕ ವಾರಿಜ ಹುಟ್ಟಿದಾಗ ಎದುರಿಗಿದ್ದದ್ದು ಕಾರ್ಖಾನೆಯ ಸೌದೆರಾಶಿ, ನಾನು ಹುಟ್ಟಿದಾಗ ಅದರ ಚಿಮಣಿ. ಹಾಗಾಗಿ ಜೊತೆಗೆ ಆಡುವವರೆಲ್ಲ ನನ್ನನ್ನು "ಏ ಚಿಮಣೀ" ಎಂದೇ ಕರೆಯುತ್ತಿದ್ದರು. ಸರಸು ಎಂಬ ನನ್ನ ಹೆಸರು ಅಮ್ಮನವರ ಗುಡಿಯಲ್ಲಿ ಅರ್ಚನೆಗೆ ಮಾತ್ರ ಬೇಕಾಗುತ್ತಿತ್ತು.

ಪಡುವಣಕ್ಕೆ ಕಡಲು, ಮೂಡಣಕ್ಕೆ ಹೊಳೆ, ನಡುವೆ ಬಾಳೆಲೆಯ ಹಾಗೆ ಉದ್ದಕ್ಕೆ ಮಲಗಿದ ಮರಳಿನ ನೆಲ, ಅದೇ ನಮ್ಮ ಊರು. ಬಾಳೆಲೆಯ ತುದಿ ತೆಂಕಣಕ್ಕೆ. ಅಲ್ಲಿ ಹೊಳೆ ಕಡಲನ್ನು ಸೇರುವ ಅಳಿವೆ. ಮನೆಗಳೆಲ್ಲ ಒಂದೇ ಸಾಲು, ಎಲ್ಲದರ ಮುಖ ಹೊಳೆಗೆ. ಪ್ರತಿ ಮಳೆಗಾಲದಲ್ಲಿ ಊರು ಒಂದು ಅಂಗಳದಷ್ಟು ತೆಂಕಕ್ಕೆ ನಡೆಯುತ್ತಿತ್ತು. ಬಾವಿ, ಗುಡಿ, ಮಸೀದಿ, ತೆಂಗಿನಮರ, ಮೀನು ಒಣಗಿಸುವ ಕಣ, ಬೇಲಿ, ಬೇಲಿಯ ಮೇಲಿನ ಕಾಗೆ ಎಲ್ಲವನ್ನೂ ಹೊತ್ತುಕೊಂಡು ನಡೆಯುತ್ತಿತ್ತು. ಯಾಕೆಂದು ಯಾರೂ ಕೇಳುತ್ತಿರಲಿಲ್ಲ. ಮಗು ಯಾಕೆ ಬೆಳೆಯುತ್ತದೆ ಎಂದು ಯಾರಾದರೂ ಕೇಳುತ್ತಾರೆಯೇ? ಆಟಿ ತಿಂಗಳ ದೊಡ್ಡ ನೆರೆ ಇಳಿದ ಮರುದಿನ ಬೆಳಿಗ್ಗೆ ಪ್ರತಿ ಮನೆಯ ಹಿರಿಯ ಹೆಂಗಸು ಮಿಂದು, ಬಾಗಿಲು ತೆಗೆದು, ಎದುರಿಗೆ ಏನು ಬಂದಿದೆ ಎಂದು ನೋಡಿ ಒಳಗಿದ್ದವರಿಗೆ ಹೇಳುತ್ತಿದ್ದಳು. "ಇಗರ್ಜಿಯ ಗಂಟೆಗೂಡು ಬಂತು" ಎಂದೋ, "ಸುಣ್ಣದ ಗೂಡಿನ ಹೊಗೆ ಕಾಣ್ತದೆ" ಎಂದೋ. ಆಮೇಲೆ ಹಾಲುಪಾಯಸ. ನಮ್ಮ ಚರಿತ್ರೆ ಅಂದರೆ ಇಷ್ಟೇ. ಬೇರೆ ಊರಿನವರು ಅರಸರ ಹೆಸರು ಬಾಯಿಪಾಠ ಮಾಡಿದರೆ ನಾವು ಆಚೆ ದಡವನ್ನು ಬಡಗಿನಿಂದ ತೆಂಕಿಗೆ ಬಾಯಿಪಾಠ ಮಾಡುತ್ತಿದ್ದೆವು.

ಅದಕ್ಕೆ ತಕ್ಕ ಹಾಗೆ ಬದುಕೂ ಒಗ್ಗಿತ್ತು. ವಿದ್ಯುತ್ತಿನ ತಂತಿ ಆಚೆ ದಡದಿಂದ ಬಂದ ಮೇಲೆ ಲೈನ್‌ಮನ್ ಕಂಬದ ಬುಡದಲ್ಲಿ ಒಂದು ಸುತ್ತು ತಂತಿ ಹೆಚ್ಚಿಗೆ ಇಟ್ಟುಕೊಂಡು ವರ್ಷಕ್ಕೊಮ್ಮೆ ಬಿಚ್ಚಿ ಉದ್ದ ಮಾಡುತ್ತಿದ್ದ. ಅಂಚೆಯವನು ಹೊಸ ಬಂದವನಾದರೆ ಮೊದಲ ಮಳೆಗಾಲ ಕಳೆಯುವಾಗ ಅಳುವುದೊಂದು ಬಾಕಿ. ದೋಣಿಯ ಬುಡನ್ ಸಾಯಬರಂತೂ, "ನನ್ನ ಅಜ್ಜ ಹುಟ್ಟು ಹಾಕಿದ ಕಡವು ಒಂದು, ಅಪ್ಪ ಹಾಕಿದ್ದು ಇನ್ನೊಂದು, ನನ್ನದು ಮತ್ತೊಂದು. ನಮ್ಮ ಮನೆತನಕ್ಕೆ ಆಸ್ತಿ ಅಂತ ಇರುದು ನೀರು ಮಾತ್ರ" ಎಂದು ನಗುತ್ತಿದ್ದರು. ಮತ್ತೆ, ನಿದ್ದೆ. ನಡೆಯುವ ನೆಲದಲ್ಲಿ ಮಲಗಿದವರಿಗೆ ಮಾತ್ರ ಗೊತ್ತು ಅದರ ಸುಖ. ರಾತ್ರಿ ಚಾಪೆಗೆ ಕಿವಿ ಇಟ್ಟರೆ ನೆಲ ತೊಟ್ಟಿಲಿನ ಹಾಗೆ, ಇದೆಯೋ ಇಲ್ಲವೋ ಎಂಬಷ್ಟು ಮೆಲ್ಲಗೆ ತೂಗುತ್ತಿತ್ತು. ನಮ್ಮೂರಲ್ಲಿ ನಿದ್ದೆಗೆಟ್ಟ ಮಗು ಇರಲಿಲ್ಲ. ಆಚೆ ದಡಕ್ಕೆ ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೆ ಮಾತ್ರ ನಿಂತ ನೆಲದ ಮೇಲೆ ಕಣ್ಣು ಹತ್ತುತ್ತಿರಲಿಲ್ಲ. "ಹೊಸ ಸೊಸೆ ತೂಕಡಿಸ್ತಾಳೆ" ಎಂದು ಅಲ್ಲಿಯವರು ಹಾಸ್ಯ ಮಾಡುತ್ತಿದ್ದರು.

ಹೆಣ್ಣು ಕೊಡುವುದಕ್ಕೆ ನಮ್ಮಲ್ಲಿ ಒಂದು ಕಟ್ಟು ಇತ್ತು. ಊರು ದಾಟಿ ಬಂದ ದಡಕ್ಕೆ ಕೊಡಬಾರದು, ಮುಂದೆ ಬರಲಿರುವ ದಡಕ್ಕೇ ಕೊಡಬೇಕು. ಹಿಂದಕ್ಕೆ ಕೊಟ್ಟ ಮಗಳು ವರ್ಷ ವರ್ಷ ದೂರ. ಮುಂದಕ್ಕೆ ಕೊಟ್ಟರೆ ತವರು ತಾನಾಗಿ ಅವಳ ಕಡೆಗೆ ನಡೆದು ಬರುತ್ತದೆ. ಒಂದು ವರ್ಷ ತವರಿನ ಬಾಗಿಲೂ ಗಂಡನ ಮನೆಯ ಬಾಗಿಲೂ ಹೊಳೆಯ ಎರಡು ಬದಿಯಲ್ಲಿ ಸರಿ ಎದುರೆದುರು ನಿಲ್ಲುತ್ತವೆ. ಆ ವರ್ಷವಿಡೀ ತಾಯಿ ಮಗಳು ಅಂಗಳದಲ್ಲಿ ನಿಂತು ಕೂಗಿ ಮಾತಾಡಬಹುದು. "ಇವತ್ತೆಂಥ ಪದಾರ್ಥ?" "ಬಸಳೆ, ಒಣಸಿಗಡಿ." ಊರಿಗೆಲ್ಲ ಕೇಳಿಸಿದರೂ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಅದು ಆ ತಾಯಿ ಮಗಳ ವರ್ಷ.

ವಾರಿಜಕ್ಕನನ್ನು ಕೊಟ್ಟದ್ದು ತುಂಬ ಮುಂದೆ, ತೆಂಕಬೈಲಿಗೆ. ಅವರ ಮನೆಯ ಕೆಳಗೆ ನೀರಿಗೆ ಬಾಗಿದ ದೊಡ್ಡ ಹೊನ್ನೆಮರ. ಆಗ ಅದರ ಎದುರು ನಮ್ಮ ಊರು ಬಂದಿರಲಿಲ್ಲ. ಅಲ್ಲಿ ಅಳಿವೆ, ಅದರಾಚೆ ಬರೀ ಕಡಲು. ಅಕ್ಕನ ಮಾವ ಶೇಷಯ್ಯ ಜಗಲಿಯಲ್ಲಿ ಕೂತು ಎಲೆ ಅಡಕೆ ಹಾಕುತ್ತ ಕಡಲಿನಲ್ಲಿ ಸೂರ್ಯ ಮುಳುಗುವುದನ್ನು ನೋಡುವ ಮನುಷ್ಯ. ಪುರಾಣಕ್ಕೆ ಅರ್ಥ ಹೇಳುವುದರಲ್ಲಿ ಆ ದಡದಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಅಪ್ಪನ ಹೆಸರು ಹಿರಿಯಣ್ಣ, ಅವರು ಈ ದಡದ ಕಾವ್ಯವಾಚನದವರು. ಹಗಲಿಗೆ ಎಣ್ಣೆಗಾಣ, ಸಂಜೆಗೆ ಕಾವ್ಯ. ದೀಪ ಹಚ್ಚಿ, ಕೈಕಾಲು ತೊಳೆದು, ವ್ಯಾಸಪೀಠದ ಮೇಲೆ ಪುಸ್ತಕವಿಟ್ಟು ರಾಗ ಎತ್ತಿದರೆ ಗಾಣದ ಎತ್ತೂ ಮೆಲುಕು ನಿಲ್ಲಿಸುತ್ತಿತ್ತು. ಪ್ರತಿ ಪದ್ಯದ ಕೊನೆಗೆ ಹೂಂಗುಟ್ಟುವ ಕೆಲಸ ನನ್ನದು. ಅದನ್ನು ಅಪ್ಪ ಆಟ ಎಂದುಕೊಂಡಿರಲಿಲ್ಲ. "ಹೇಳುವವನಿಗೆ ಪುಣ್ಯ ಅರ್ಧ, ಕೇಳುವವರಿಗೆ ಅರ್ಧ. ನೀನು ತೂಕಡಿಸಿದರೆ ನನ್ನ ಅರ್ಧವೂ ಹೋಯ್ತು ಮಗಾ" ಎನ್ನುತ್ತಿದ್ದರು. ಹಾಗಾಗಿ ನಾನು ಬದುಕಿನಲ್ಲಿ ಮಾತಾಡುವುದಕ್ಕಿಂತ ಹೆಚ್ಚು ಹೂಂಗುಟ್ಟಿದವಳು.

ಮದುವೆಯಲ್ಲಿ ಹೆಣ್ಣೊಪ್ಪಿಸುವ ಹೊತ್ತಿಗೆ ಹೆಣ್ಣಿನ ಕಡೆಯವರು ಒಂದು ಪದ್ಯ ಹಾಡುವುದು, ಗಂಡಿನ ಕಡೆಯವರು ಅದಕ್ಕೆ ಅರ್ಥ ಹೇಳಿ ಒಪ್ಪಿಸಿಕೊಳ್ಳುವುದು ವಾಡಿಕೆ. ಅಪ್ಪ ತಾವೇ ಕಟ್ಟಿದ ಪದ್ಯ ಎತ್ತಿದರು. ಇಗರ್ಜಿ ನಮ್ಮ ಎದುರಿಗಿದ್ದ ವರ್ಷ ಅದು. ಅಲ್ಲಿನ ಗಂಟೆ ನಿಂತ ಮೇಲೇ ರಾಗ ಸುರುಮಾಡಿದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ.

ನಡೆವ ನೆಲವಿದು ನಿಲ್ಲದಿರುವುದು
ಕಡಲ ತೋಳಲಿ ಹೊಳೆಯ ಮಡಿಲಲಿ
ಒಡಲ ಭಾರದ ತಾಯ ತೆರದಲಿ ಮೆಲ್ಲ ಮುಂದಡಿಗೆ

ಇಷ್ಟಕ್ಕೇ ಅಪ್ಪ ಉಸಿರು ತೆಗೆದುಕೊಂಡರು. ಪದ್ಯ ಇನ್ನೂ ಅರ್ಧ ಬಾಕಿ. ಅಷ್ಟರಲ್ಲಿ ಶೇಷಯ್ಯ ಶಲ್ಯ ಸರಿಮಾಡಿಕೊಂಡು ಎದ್ದೇಬಿಟ್ಟರು. ಅರ್ಥ ಹೇಳುವವರಿಗೆ ಸಭೆ ಕಂಡರೆ ತಡೆಯುವುದಿಲ್ಲ.

"ಕೇಳಿದಿರಾ ಮಹನೀಯರೇ? ಒಡಲ ಭಾರದ ತಾಯಿ ಮೆಲ್ಲ ಮೆಲ್ಲ ಬರ್ತಾಳಂತೆ. ಬಂದು ಎಲ್ಲಿ ಕೂರ್ತಾಳೆ? ನಮ್ಮ ಹೊನ್ನೆಮರದ ಎದುರು. ಕೂತು ಎಂಥ ಮಾಡ್ತಾಳೆ? ನಮ್ಮ ಅಜ್ಜಂದಿರು ನೋಡಿದ ಕಡಲನ್ನು ನಮಗೆ ಮರೆ ಮಾಡ್ತಾಳೆ. ಒಂದು ಹೆಣ್ಣು ಕೊಟ್ಟು ಒಂದು ಕಡಲು ತಗೊಳ್ಳುದು! ಹಿರಿಯಣ್ಣನವರ ವ್ಯಾಪಾರ ಗಾಣದ ಎಣ್ಣೆಯ ಹಾಗೆ, ಕೈಗೆ ಹತ್ತಿದ್ದು ಗೊತ್ತೇ ಆಗುದಿಲ್ಲ ಮಾರಾಯ್ರೇ!"

ಗಂಡಿನ ಕಡೆಯವರು ಗೊಳ್ಳೆಂದರು. ಅಲ್ಲಿಗೆ ಬಿಡಬಹುದಿತ್ತು. ಅಪ್ಪ ಬಿಡಲಿಲ್ಲ.

"ನಿಂತ ನೀರಿಗೆ ಪಾಚಿ ಕಟ್ತದೆ ಶೇಷಯ್ಯ. ನಿಂತ ಊರಿಗೂ ಕಟ್ತದೆ ಅಂತ ಕೇಳಿದ್ದೆ. ಇವತ್ತು ಕಂಡೆ."

ಈಗ ನಮ್ಮವರು ನಕ್ಕರು. ಆಮೇಲೆ ಮಾತಿಗೆ ಮಾತು. ಓಡುವ ಊರಿನವರಿಗೆ ನೆಲೆ ಎಲ್ಲಿ ಎಂದು ಅವರು, ಬೇರು ಬಿಟ್ಟವರಿಗೆ ಕಾಲು ಎಲ್ಲಿ ಎಂದು ಇವರು. ಇಬ್ಬರೂ ಮಾತಿನಲ್ಲಿ ಗೆದ್ದು ಅಭ್ಯಾಸವಾದವರು, ಸೋತು ಗೊತ್ತಿಲ್ಲದವರು. ಕೊನೆಗೆ ಶೇಷಯ್ಯ ಹಸೆಯ ಮುಂದಿನ ದೀಪ ಮುಟ್ಟಿದರು. "ನಿಮ್ಮ ಮನೆ ನಮ್ಮ ಮನೆಯ ಎದುರು ಬಂದು ನಿಲ್ಲುವವರೆಗೆ ನಮ್ಮ ಹೊಸಿಲಿನವರು ಯಾರೂ ಈ ಹೊಳೆ ದಾಟುದಿಲ್ಲ. ಇದು ಮಾತು."

ಅಪ್ಪನೂ ದೀಪ ಮುಟ್ಟಿದರು. "ನಮ್ಮವರೂ ದಾಟುದಿಲ್ಲ. ಇದೂ ಮಾತು."

ವಾರಿಜಕ್ಕ ಬೊಗಸೆಯಲ್ಲಿ ಅಕ್ಕಿ ಹಿಡಿದುಕೊಂಡು ನಿಂತಿದ್ದಳು. ಅವಳು ಆ ಕ್ಷಣದಿಂದ ಅವರ ಹೊಸಿಲಿನವಳು. ಅಮ್ಮ ಅವಳ ಮುಖ ನೋಡಿದಳು, ಆಮೇಲೆ ದೀಪ ನೋಡಿದಳು. ಅರ್ಧ ಪದ್ಯದಲ್ಲೇ ನಾವು ಅಕ್ಕನನ್ನು ಕಳಿಸಿಕೊಟ್ಟೆವು. ದೀಪ ಮುಟ್ಟಿ ಆಡಿದ ಮಾತನ್ನು ಹಿಂದೆ ತೆಗೆದುಕೊಂಡವರನ್ನು ನಮ್ಮ ಎರಡೂ ದಡದಲ್ಲಿ ಯಾರೂ ಕಂಡಿರಲಿಲ್ಲ.

ಅದರ ಮೇಲೆ ಅಪ್ಪ ಆ ಪದ್ಯವನ್ನು ಬಾಯಿಗೆ ತರಲಿಲ್ಲ. ಉಳಿದರ್ಧ ಏನು ಎಂದು ಕೇಳಬೇಕೆಂದು ನನಗೆ ಎಷ್ಟೋ ಸಲ ಅನಿಸಿತು. ಹೂಂಗುಟ್ಟುವುದಕ್ಕೆ ಬಾಯಿ ತೆರೆದು ಕಾಯುತ್ತಿದ್ದವಳ ಹಾಗಾಗಿತ್ತು ನನ್ನ ಸ್ಥಿತಿ. ಬುಡನ್ ಸಾಯಬರು ಮಾತ್ರ ಎರಡೂ ದಡಕ್ಕೆ ಸೇರಿದವರು. ಅವರ ದೋಣಿಯಲ್ಲಿ ಸುದ್ದಿ ಬರುತ್ತಿತ್ತು. ವಾರಿಜ ಹೆತ್ತಳು, ಹೆಣ್ಣು. ವಾರಿಜನಿಗೆ ಜ್ವರ ಬಂದು ಇಳಿಯಿತು. "ನಿಮ್ಮ ಮಗಳು ಕಡವಿಗೆ ಬಂದು ನನ್ನ ತಲೆಯ ಬಟ್ಟೆ ಮೂಸಿ ನೋಡ್ತಾಳೆ ಅಮ್ಮಾ. ನಿಮ್ಮ ಗಾಣದ ಎಣ್ಣೆಯ ಡಬ್ಬ ನಾನು ಹೊತ್ತುಕೊಂಡು ಹೋಗ್ತೇನಲ್ಲ, ಅದರ ವಾಸನೆಗೆ" ಎಂದು ಒಮ್ಮೆ ಹೇಳಿದರು. ಅಮ್ಮ ಅವತ್ತಿನಿಂದ ಡಬ್ಬದ ಹೊರಮೈಗೆ ಒಂದು ಚಮಚ ಎಣ್ಣೆ ಸುಮ್ಮನೆ ಸವರಿ ಕಳಿಸಲು ಸುರುಮಾಡಿದಳು. ದಾರಿಯಲ್ಲಿ ಕೈ ಜಾರುತ್ತದೆ ಎಂದು ಸಾಯಬರು ಬೈದರೂ ಬಿಡಲಿಲ್ಲ.

ಊರು ನಡೆಯಿತು. ಇಗರ್ಜಿ ಹಿಂದೆ ಹೋಯಿತು. ಸುಣ್ಣದ ಗೂಡು ಬಂತು, ಚಿಪ್ಪು ಸುಡುವ ವಾಸನೆ ಕೆಲವು ವರ್ಷ ನಮ್ಮ ಊಟದಲ್ಲೂ ಇತ್ತು. ನನ್ನನ್ನು ಊರೊಳಗೇ, ನಾಲ್ಕು ಮನೆಯಾಚೆ ಕೊಟ್ಟರು. ಅಮ್ಮ, "ಇದೊಂದಾದರೂ ನನ್ನ ಜೊತೆ ನಡೀಲಿ" ಎಂದಿದ್ದಳಂತೆ. ಸಂಜೆಯ ವಾಚನಕ್ಕೆ ನಾನು ತಪ್ಪದೆ ತವರಿಗೆ ಬರುತ್ತಿದ್ದೆ. ಹಾಗೆ ಒಂದು ಸಂಜೆ ತೆಂಕಣದಲ್ಲಿ, ಕಪ್ಪಾಗಿ ಗುಡ್ಡೆಯಂತೆ ಕಾಣುವ ಹೊನ್ನೆಮರದ ಬುಡದಲ್ಲಿ ಒಂದು ಬೆಳಕಿನ ಚುಕ್ಕೆ ಕಂಡಿತು. ಮರುದಿನವೂ ಕಂಡಿತು, ಅಪ್ಪ ಪುಸ್ತಕ ಬಿಚ್ಚುವ ಹೊತ್ತಿಗೆ ಸರಿಯಾಗಿ. ಸಾಯಬರನ್ನು ಕೇಳಿದಾಗ, "ಹೌದು, ಅವಳೇ ಇಡುದು. ಹೊಳೆ ದಾಟಬಾರದು ಅಂತ ಮಾತು. ದೀಪ ಇಡಬಾರದು ಅಂತ ಯಾರೂ ಹೇಳಲಿಲ್ಲವಲ್ಲ" ಎಂದರು.

ಅಪ್ಪನ ವ್ಯಾಸಪೀಠ ನಡುಮನೆಯಿಂದ ಆ ವರ್ಷ ಜಗಲಿಗೆ ಬಂತು. ಮುಂದಿನ ವರ್ಷ ಅಂಗಳದ ಚಪ್ಪರದ ಕೆಳಗೆ. ಸುಣ್ಣದ ಗೂಡು ದಾಟಿ ನೀರುನಾಯಿ ಬಂಡೆ ಎದುರಿಗೆ ಬರುವ ಹೊತ್ತಿಗೆ ಅಪ್ಪ ಹೊಳೆಯ ಮೆಟ್ಟಿಲ ಮೇಲೇ ಕೂತು, ಪ್ರಾಯಕ್ಕೆ ಹೊಂದದ ಎತ್ತರದ ಶ್ರುತಿಯಲ್ಲಿ ಓದುತ್ತಿದ್ದರು. "ಗಂಟಲು ಹರೀತದೆ" ಎಂದು ಅಮ್ಮ ಗದರಿದರೆ, "ಇಲ್ಲಿ ಗಾಳಿ ಒಳ್ಳೆದುಂಟು" ಎನ್ನುತ್ತಿದ್ದರು. ಬಂಡೆಯ ಮೇಲೆ ಬಿಸಿಲು ಕಾಯಿಸುವ ನೀರುನಾಯಿಗಳು ತಲೆ ಎತ್ತಿ ಕೇಳಿ ಗುಳುಂ ಎಂದು ಮುಳುಗುತ್ತಿದ್ದವು. ಬಂಡೆಯಾದ ಮೇಲೆ ಕೇದಗೆಯ ಪೊದೆ, ಅದಾದ ಮೇಲೆ ಹೊನ್ನೆಮರ. ನಾವೆಲ್ಲ ಬೆರಳು ಮಡಿಸಿ ಎಣಿಸಬಹುದಾದಷ್ಟೇ ಮಳೆಗಾಲಗಳು ಉಳಿದಿದ್ದವು. ಅಮ್ಮ ಒಂದು ಕರಿಸೀರೆಯ ಅಂಚಿಗೆ ಕಸೂತಿ ಹಾಕಲು ತೊಡಗಿದ್ದಳು. ಯಾರಿಗೆ ಎಂದು ನಾನು ಕೇಳಲಿಲ್ಲ.

ಆಗ ಬಂದವು ಕಲ್ಲು ಹೊತ್ತ ದೋಣಿಗಳು. ಅಳಿವೆಯ ಬಾಯಲ್ಲಿ ಕಲ್ಲಿನ ದಂಡೆ ಕಟ್ಟಿ ಊರನ್ನು ನಿಲ್ಲಿಸುವುದು ಎಂದು ಸರಕಾರ ತೀರ್ಮಾನ ಮಾಡಿತ್ತು. ಊರು ನಿಂತರೆ ಹೊಳೆಗೆ ಅಡ್ಡಲಾಗಿ ಸಂಕ ಕಟ್ಟಬಹುದು. ಒಂದು ತುದಿ ನಡೆಯುವ ಸಂಕವನ್ನು ಯಾವ ಎಂಜಿನಿಯರೂ ಕಟ್ಟಲಾರ. ಗುಡಿಯ ಮುಂದೆ ಊರು ಸೇರಿತು. ಹಳಬರು ಗುರುಗುಟ್ಟಿದರು. ಎಳೆಯರು, ಗೋಡೆಗೆ ಸಿಮೆಂಟು ಹಾಕಿದರೆ ವರ್ಷಕ್ಕೊಂದು ಬಿರುಕು, ಎಷ್ಟು ದಿನ ಹೀಗೆ ಎಂದರು. ಬುಡನ್ ಸಾಯಬರು ಎದ್ದು ನಿಂತಾಗ, ಸಂಕ ಬಂದರೆ ಮೊದಲು ಹೊಟ್ಟೆಗೆ ಹೊಡೆತ ಬೀಳುವುದು ಇವರಿಗೇ ಎಂದು ಎಲ್ಲರೂ ಕಿವಿಗೊಟ್ಟರು.

"ಸಂಕ ಬಂದರೆ ನಾನು ಈ ಹುಟ್ಟಿನಲ್ಲಿ ಅನ್ನ ತೊಳಸಬೇಕಷ್ಟೆ" ಎಂದು ಅವರು ಮೊದಲು ನಗಿಸಿದರು. ಆಮೇಲೆ ತಲೆಯ ಬಟ್ಟೆ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಆದರೂ ನಿಲ್ಲಲಿ. ನನ್ನ ಸೊಸೆಗೆ ಹೆರಿಗೆ ನೋವು ಬಂದ ದಿನ ನೆರೆಯಲ್ಲಿ ದೋಣಿ ಮೂರು ಸಲ ತಿರುಗಿ ಈಚೆಗೇ ಬಂತು. ಹುಟ್ಟು ನನ್ನ ಕೈಯಲ್ಲೇ ಇತ್ತು. ಅವಳು ಈಗ ಇಲ್ಲ. ನಿಮಗೆಲ್ಲ ಗೊತ್ತುಂಟು."

ಎಲ್ಲರೂ ಅಪ್ಪನ ಕಡೆ ನೋಡಿದರು. ನಮ್ಮ ಮನೆಯ ಮಾತು ಇಡೀ ಊರಿಗೆ ಗೊತ್ತಿತ್ತು. ಅವರು ಬೇಡ ಎಂದಿದ್ದರೆ ಕೆಲವು ಮಳೆಗಾಲ ತಡೆಯೋಣ ಎನ್ನುವವರು ಸಿಗುತ್ತಿದ್ದರು. ಅಪ್ಪ ಬಹಳ ಹೊತ್ತು ಅಮ್ಮನವರ ಗುಡಿಯ ಕಡೆ ನೋಡಿದರು. "ನಿಲ್ಲಲಿ" ಎಂದರು. "ಊರಿಗೆ ಒಳ್ಳೆದಾಗುದಾದರೆ ನಿಲ್ಲಲಿ."

ಮನೆಗೆ ಬಂದ ಮೇಲೆ ಅಮ್ಮ ಒಂದೇ ಮಾತು ಆಡಿದಳು. "ನಿಮ್ಮ ಮಾತೂ ನಿಂತಿತು, ಊರೂ ನಿಂತಿತು. ನನ್ನ ಮಗಳು?"

ಮಳೆ ಬಂತು, ನೆರೆ ಬಂತು, ಇಳಿಯಿತು. ಚಾಪೆಗೆ ಕಿವಿಯಿಟ್ಟರೆ ಬರೀ ಚಾಪೆ. ಬೆಳಿಗ್ಗೆ ಅಮ್ಮ ಮಿಂದು ಬಾಗಿಲು ತೆಗೆದು ನೋಡಿದಳು. ಹಿಂದಿನ ವರ್ಷದ ಅದೇ ಕೇದಗೆಯ ಪೊದೆ. ಏನು ಬಂತೆಂದು ಒಳಗಿನವರಿಗೆ ಹೇಳಲು ಅವಳಿಗೆ ಏನೂ ಇರಲಿಲ್ಲ. ಸಾಲಿನ ಎಲ್ಲ ಬಾಗಿಲುಗಳಲ್ಲೂ ಹೆಂಗಸರು ಹಾಗೇ ನಿಂತಿದ್ದರು. ಪಾಯಸ ಮಾಡುವುದೋ ಬಿಡುವುದೋ ಯಾರಿಗೂ ತಿಳಿಯಲಿಲ್ಲ. ಕೆಲವರು ಮಾಡಿದರು, ಸಕ್ಕರೆ ಹಾಕಲು ಮರೆತರು. ಆ ವರ್ಷದಿಂದ ಮುಂದೆ ನಮ್ಮ ಬದಿಯಲ್ಲಿ ಹುಟ್ಟಿದ ಮಕ್ಕಳೆಲ್ಲ ಕೇದಗೆಯವರೇ. ಅಣ್ಣನೂ ಕೇದಗೆ, ತಂಗಿಯೂ ಕೇದಗೆ. ಪ್ರಾಯ ಹೇಳಲು ಜನ ಅಂಕಿ ಕಲಿತದ್ದು ಆಗಲೇ.

ಕೇದಗೆಯಿಂದ ಹೊನ್ನೆಮರಕ್ಕೆ ದೂರ ಇದ್ದದ್ದಾದರೂ ಎಷ್ಟು? ನಮ್ಮ ಮನೆಯಿಂದ ಸಾಲಿನ ತುದಿಯವರೆಗೆ, ಅದರಾಚೆ ದಂಡೆಯ ಬುಡದಲ್ಲಿ ಬಂಗುಡೆ ಬಲೆ ಹರಡುವ ಖಾಲಿ ಮರಳಿನವರೆಗೆ. ಸಂಜೆ ದೀಪ ಹಿಡಿದವಳ ಸೀರೆಯ ಬಣ್ಣವೂ ಕಾಣುತ್ತಿತ್ತು. ಆದರೆ ಎದುರು ಅಂದರೆ ಎದುರು. ಓರೆ ಎದುರು ಎಂಬುದು ಮಾತಿನಲ್ಲಿ ಇರಲಿಲ್ಲ. ಅಪ್ಪ ಓದುವುದನ್ನು ನಿಲ್ಲಿಸಲಿಲ್ಲ, ಮೆಟ್ಟಿಲಿನಿಂದ ಏಳಲೂ ಇಲ್ಲ. ಸ್ವರ ಮಾತ್ರ ಸಣ್ಣದಾಯಿತು. ನಾನು ಹೂಂಗುಟ್ಟುವುದು ಅವರ ಓದಿಗಿಂತ ಜೋರಾಗಿ ಕೇಳುತ್ತಿತ್ತು.

ಗದ್ದೆ ಕೊಯ್ಲು ಮುಗಿದ ಮೇಲೆ ಒಂದು ಬೆಳಿಗ್ಗೆ ತವರಿನ ಕಡೆಯಿಂದ ಟಣಟಣ ಸದ್ದು ಕೇಳಿ ಓಡಿದೆ. ಅಮ್ಮ ಏಣಿ ಹತ್ತಿ ಮಾಡಿನ ಹಂಚು ತೆಗೆಯುತ್ತಿದ್ದಾಳೆ. ಕೆಳಗೆ ಅಪ್ಪ, ಬಾಯಿ ತೆರೆದುಕೊಂಡು.

"ಎಂಥ ಮಾಡುದು ಅಮ್ಮಾ? ಇಳಿ, ಬೀಳ್ತಿ!"

"ಹಿಡ್ಕೋ" ಎಂದು ಅಮ್ಮ ಒಂದು ಹಂಚು ನನ್ನ ಕೈಗೆ ಕೊಟ್ಟಳು. "ಊರು ನಿಂತರೆ ಮನೆ ನಡೀಬಾರದು ಅಂತ ಎಲ್ಲಿ ಉಂಟು? ನೆಲ ಹೊತ್ತುಕೊಂಡು ಹೋಗ್ತದೆ ಅಂತ ಇಷ್ಟು ವರ್ಷ ಮಹಾರಾಜರ ಹಾಗೆ ಕೂತೆವು. ನಮಗೂ ಕಾಲು ಕೊಟ್ಟಿದಾನೆ ದೇವರು."

ಈ ಮಾತು ಈಗ ಕೇಳಿದವರಿಗೆ ದೊಡ್ಡದೆನಿಸಲಿಕ್ಕಿಲ್ಲ. ಆದರೆ ನಮ್ಮೂರಲ್ಲಿ ಅದುವರೆಗೆ ಯಾರೂ ಮನೆಯನ್ನು ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹಾಕಿರಲಿಲ್ಲ. ಅಂಥ ಯೋಚನೆಯೇ ಯಾರಿಗೂ ಬಂದಿರಲಿಲ್ಲ. ನೆಲ ನಡೆಯುತ್ತಿರುವಾಗ ಮನೆಗಳಾದರೂ ಒಂದರ ಪಕ್ಕ ಒಂದು ಕದಲದೆ ಇರಬೇಕು. ಸಾಲು ತಪ್ಪಿದರೆ ಯಾರು ಯಾರ ನೆರೆ, ಯಾರ ಬಾವಿ ಯಾರದು? ಗುಡಿಯ ಭಟ್ಟರು ಸುದ್ದಿ ತಿಳಿದು ಬಂದು ಇದನ್ನೇ ಹೇಳಿದರು. "ರುಕ್ಮಮ್ಮಾ, ಸಾಲು ಒಡೀಬೇಡಿ. ಪದ್ಯದ ನಡುವಿನಿಂದ ಒಂದು ಗಣ ಕಿತ್ತು ಕೊನೆಗೆ ಇಟ್ಟರೆ ಹೇಗಾದೀತು?"

ಅಮ್ಮ ಸೆರಗು ಸೊಂಟಕ್ಕೆ ಬಿಗಿದಳು. "ಪದ್ಯ ಅರ್ಧದಲ್ಲಿ ನಿಲ್ಲಿಸಿದರೆ ಹೇಗಾದೀತು ಭಟ್ಟರೇ? ಅದನ್ನು ಇವರನ್ನು ಕೇಳಿ."

ಭಟ್ಟರು ಅಪ್ಪನ ಮುಖ ನೋಡಿದರು. ಅಪ್ಪ ಶಲ್ಯ ತೆಗೆದು ಬೇಲಿಯ ಮೇಲಿಟ್ಟು, ಏಣಿಯ ಕಾಲು ಗಟ್ಟಿಯಾಗಿ ಹಿಡಿದುಕೊಂಡರು. ಅಷ್ಟೇ. ಸ್ವಲ್ಪ ಹೊತ್ತಿಗೆ ಬುಡನ್ ಸಾಯಬರು ತಮ್ಮ ಜನ ಕರೆದುಕೊಂಡು ಬಂದರು. ಆಮೇಲೆ ಸಾಲಿನ ಒಂದೊಂದೇ ಮನೆಯಿಂದ ಒಬ್ಬೊಬ್ಬರು. ಹಂಚು, ರೀಪು, ಪಕ್ಕಾಸು, ಕಂಬ ಎಲ್ಲ ಕೈಯಿಂದ ಕೈಗೆ ಮನೆಗಳ ಮುಂದಿನಿಂದಲೇ ತೆಂಕಕ್ಕೆ ಹೋದವು. ಗಾಣದ ಒರಳು ನೆಲದಿಂದ ಏಳಲು ಮಾತ್ರ ಒಪ್ಪಲಿಲ್ಲ. ಹಗ್ಗ ಹಾಕಿ, ಬಿದಿರು ತೂರಿಸಿ, "ಐಸಾ" ಎಂದು ಎತ್ತಿದಾಗ ಅದರ ಕೆಳಗಿನ ಮಣ್ಣು ಎಣ್ಣೆ ಕುಡಿದು ಕರಿ ಹಲ್ವದ ಹಾಗೆ ಇತ್ತು. "ಇದನ್ನೂ ತೆಗೀರಿ" ಎಂದಳು ಅಮ್ಮ. ಆ ಮಣ್ಣನ್ನೂ ಬುಟ್ಟಿಯಲ್ಲಿ ತುಂಬಿದೆವು. ಹೊರುವವರಿಗೆ ದಾರಿಯುದ್ದಕ್ಕೂ ಆಯಾ ಮನೆಯವರು ಬೆಲ್ಲ ನೀರು ಕೊಟ್ಟರು. ಊರು ನಿಂತ ಮೇಲೆ ಜನರ ಮುಖದಲ್ಲಿ ನಾನು ಅಂಥ ಕಳೆ ಕಂಡದ್ದು ಅವತ್ತೇ. ಊರು ನಡೆಯುತ್ತಿದ್ದಾಗ ನಾವು ಒಮ್ಮೆಯೂ ಬೆವರಿರಲಿಲ್ಲ.

ಬಲೆ ಹರಡುವ ಮರಳಿನಲ್ಲಿ ಬಾಗಿಲಿನ ದಾರಂದ ನಿಲ್ಲಿಸುವಾಗ ಅಪ್ಪ ಹೊಳೆಯ ಕಡೆ ತಿರುಗಿ ನಿಂತು, ಕಣ್ಣು ಕಿರಿದು ಮಾಡಿ, "ಕೂದಲೆಳೆ ಬಡಗಕ್ಕೆ... ಸಾಕು" ಎಂದು ಹೊನ್ನೆಮರದ ಬುಡಕ್ಕೆ ಸರಿಹೊಂದಿಸಿದರು. ಆಚೆ ಜಗಲಿಯಲ್ಲಿ ಒಬ್ಬರು ಕೂತು ಎಲ್ಲವನ್ನೂ ನೋಡುತ್ತಿದ್ದರು. ಬೆಳ್ಳಗಿನ ತಲೆ, ಪಕ್ಕದಲ್ಲಿ ಎಲೆ ಅಡಕೆಯ ತಟ್ಟೆ. ನಮ್ಮ ಮಾಡು ಏರಿದ ಹಾಗೆ ಅವರ ಕಡಲು ಒಂದು ಮನೆಯಷ್ಟು ಮರೆಯಾಗುತ್ತ ಬಂತು. ಅವರು ಕದಲಲಿಲ್ಲ.

ಮನೆಯೊಕ್ಕಲಿನ ಸಂಜೆ ಊರೆಲ್ಲ ಹೊಸ ಅಂಗಳದಲ್ಲಿತ್ತು. ಆಚೆ ದಡದಲ್ಲೂ ಜನ ಸೇರಿದ್ದರು. ಅಮ್ಮ ಒಳಗೆ ದೀಪ ಹಚ್ಚಿದಳು, ಬಾಗಿಲು ಎರಡೂ ಕಡೆ ಅಗಲ ತೆರೆದಳು. ಹೊನ್ನೆಮರದ ಕೆಳಗೆ ಎಂದಿನ ದೀಪ ಬಂತು, ಸರಿ ನೇರಕ್ಕೆ. ಶೇಷಯ್ಯ ಕೋಲು ಊರಿಕೊಂಡು ನೀರಿನ ಅಂಚಿಗೆ ಇಳಿದರು. ಮುದಿಯಾದರೂ ಸಭೆಗೆ ಬೆಳೆಸಿದ ಗಂಟಲು ಹೊಳೆ ದಾಟಿ ಬಂತು.

"ಹಿರಿಯಣ್ಣಾ! ಊರು ತಂದು ನಿಲ್ಲಿಸಿತೋ, ನೀವು ಹೊತ್ತು ತಂದದ್ದೋ?"

"ನಾನಲ್ಲ!" ಅಪ್ಪ ಕೂಗಿದರು. "ಅವಳು ತಂದದ್ದು!"

ಆ ಮಾತಿಗೆ ಶೇಷಯ್ಯ ಒಂದು ಓರೆ ಅರ್ಥ ಹಚ್ಚಿ ಬಿಡುತ್ತಾರೇನೋ ಎಂದು ನಾನು ಹೆದರಿದೆ. ಮನೆ ಬಂದು ನಿಲ್ಲುವುದೆಂದರೆ ತಾನಾಗಿ ಬಂದು ನಿಲ್ಲುವುದು ಎಂದು ಅವರು ಹೇಳಬಹುದಿತ್ತು. ಅರ್ಥ ಹೇಳುವವರಿಗೆ ಅದೇನು ದೊಡ್ಡದು?

"ಪದ್ಯ ಅರ್ಧ ಬಾಕಿ ಉಂಟಲ್ಲ ಮಾರಾಯ್ರೇ" ಎಂದಿತು ಆ ಗಂಟಲು. "ಅಂದು ನಾನು ಅವಸರ ಮಾಡಿದೆ. ಪೂರ್ತಿ ಕೇಳದೆ ಅರ್ಥ ಹೇಳುವವನು ಮೂರ್ಖ. ಹೇಳಿ, ಈಗ ಕೇಳ್ತೇನೆ."

ಅಪ್ಪ ಹೊಸ ಮನೆಯ ಮೆಟ್ಟಿಲ ಮೇಲೆ ಕೂತರು. ಪುಸ್ತಕ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಅಂದಿನ ಅದೇ ರಾಗ ಎತ್ತಿದರು. ಮೊದಲರ್ಧ ಮುಗಿಸಿ ಉಸಿರು ತೆಗೆದುಕೊಂಡರು. ಈ ಸಲ ಯಾರೂ ನಡುವೆ ಬಾಯಿ ಹಾಕಲಿಲ್ಲ.

ಬಿಡದೆ ಸಾಗುವುದೆದುರು ದಡದಲಿ
ಮಡಿಲ ಕುಡಿ ಕಾದಿರಲು ಬಾಗಿಲ
ಕಡೆಗೆ ದೀಪವ ಹಿಡಿದು ನಿಲುವುದು ತಾಯ ಮನೆ ಬಂದು

"ಹೂಂ" ಎಂದೆ ನಾನು. ಇಷ್ಟು ವರ್ಷ ಬಾಯಲ್ಲೇ ಹಿಡಿದುಕೊಂಡದ್ದು.

ಆಚೆಯಿಂದ ಅರ್ಥ ಬರಲಿಲ್ಲ. ಶೇಷಯ್ಯ ಕೈಯೆತ್ತಿ ಬುಡನ್ ಸಾಯಬರ ದೋಣಿಗೆ ಸನ್ನೆ ಮಾಡಿದರು. ಆಮೇಲೆ ಸೊಸೆಯ ಕೈಯಿಂದ ದೀಪವನ್ನು ತಾವು ಇಸಿದುಕೊಂಡರು.

ವಾರಿಜಕ್ಕ ದೋಣಿಯಿಂದ ಇಳಿಯುವಾಗ ನಾನು ಹುಡುಕಿದ್ದು ಬೊಗಸೆಯಲ್ಲಿ ಅಕ್ಕಿ ಹಿಡಿದ ಹುಡುಗಿಯನ್ನು. ಬಂದವಳ ಬೈತಲೆ ಅಗಲವಾಗಿತ್ತು, ಕಿವಿಯ ಹತ್ತಿರ ಕೂದಲು ಬಿಳಿಯಾಗಿತ್ತು. ಎಲ್ಲರೂ ದಾರಿ ಬಿಟ್ಟರು. ಅಮ್ಮ ಹೊ‌ಸಿಲು ದಾಟಿ ಬರಲಿಲ್ಲ. "ಕಾಲು ತೊಳಿ, ಮರಳು" ಎಂದಳು, ದಿನಾ ಬರುವವಳಿಗೆ ಹೇಳುವ ಹಾಗೆ. ತಂಬಿಗೆ ಕೊಡುವಾಗ ಅರ್ಧ ನೀರು ತನ್ನ ಸೀರೆಗೇ ಚೆಲ್ಲಿಕೊಂಡಳು.

ಊಟವಾಯಿತು, ಜನ ಕರಗಿದರು. ಅಕ್ಕ ಹೊಸ ಜಗಲಿಯ ನೆಲದ ಮೇಲೆ ಬಗ್ಗಿ ಅಂಗೈ ಊರಿ ನೋಡಿದಳು. ನನಗೆ ಅರ್ಥವಾಯಿತು.

"ಒಂಚೂರೂ ತೂಗುದಿಲ್ವಾ?" ಎಂದಳು.

"ನಿಂತಿತು ಅಕ್ಕಾ."

"ಅಲ್ಲಿ ಸರಿಯಾಗಿ ನಿದ್ದೆಯೇ ಇಲ್ಲ ಸರಸೂ, ಹೋದ ಲಾಗಾಯ್ತು. ಇಲ್ಲಿ ಬಂದ ಮೇಲೆ ಮಲಗ್ತೇನೆ ಅಂತ ಎಣಿಸ್ಕೊಂಡಿದ್ದೆ." ನಕ್ಕಳು. ನಗುವುದಕ್ಕೆ ಮಾತ್ರ ಪ್ರಾಯ ಆಗಿರಲಿಲ್ಲ.

ಒಳಗಿದ್ದ ಅಮ್ಮ ಬಂದು ಗೋಡೆಗೆ ಒರಗಿ ಕಾಲು ಚಾಚಿ ಕೂತಳು. ಏನೂ ಹೇಳದೆ ಅಕ್ಕನ ತಲೆಯನ್ನು ಎಳೆದು ತೊಡೆಯ ಮೇಲೆ ಇಟ್ಟುಕೊಂಡಳು. ಆಮೇಲೆ ಮೊಣಕಾಲನ್ನು ಆಡಿಸಲು ತೊಡಗಿದಳು, ಇದೆಯೋ ಇಲ್ಲವೋ ಎಂಬಷ್ಟು ಮೆಲ್ಲಗೆ. ಈಗ ಆ ಊರಿಗೆ ಸಂಕ ಬಂದಿದೆ, ಬಸ್ಸು ಬರುತ್ತದೆ, ಮಕ್ಕಳು ತಮ್ಮ ಪ್ರಾಯವನ್ನು ಅಂಕಿಯಲ್ಲಿ ಹೇಳುತ್ತಾರೆ. ನನ್ನನ್ನು ಚಿಮಣಿ ಎಂದು ಕರೆಯುವವರು ಯಾರೂ ಉಳಿದಿಲ್ಲ. ಆದರೆ ಊರು ನಿಂತ ಮೇಲೂ ಅದು ಅಮ್ಮನ ಮೊಣಕಾಲಿನಲ್ಲಿ ನಡೆದದ್ದನ್ನು ನಾನೊಬ್ಬಳು ಕಂಡಿದ್ದೇನೆ. ಆ ರಾತ್ರಿ ಅಪ್ಪ ಹೊರಗೆ ಮೆಟ್ಟಿಲ ಮೇಲೆ ಪದ್ಯವನ್ನು ಮೊದಲಿನಿಂದ ಎತ್ತಿಕೊಂಡರು. ಅದು ಮುಗಿಯುವ ಮೊದಲೇ ಅಕ್ಕ ಬಾಯಿ ಸ್ವಲ್ಪ ತೆರೆದುಕೊಂಡು, ಮಗುವಿನ ಹಾಗೆ ನಿದ್ದೆಹೋಗಿದ್ದಳು.